ಮೂಲಪತ್ರ

ಟೊರಾಂಟೊದ ಬೀದಿಗಳೆಲ್ಲ ಚೌಕಾಬಾರದ ಮನೆ ಬರೆದ ಹಾಗೆ ನೇರ. ನಮ್ಮ ಓಣಿ ಸೇರುವ ಡೇವನ್‌ಪೋರ್ಟ್ ರಸ್ತೆ ಮಾತ್ರ ಗದ್ದೆಯ ಬದುವಿನಂತೆ ಸೊಟ್ಟಗೆ ಹೋಗುತ್ತದೆ. ಸರ್ವೆಯವರು ಅವತ್ತು ಸ್ವಲ್ಪ ಕುಡಿದಿದ್ದರೇನೋ ಅಂದುಕೊಂಡಿದ್ದೆ. ಸರ್ವೆಯವರು ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಗುಡ್ಡದ ಬುಡ ಹಿಡಿದು ಮೂಲನಿವಾಸಿಗಳು ತುಳಿದ ಕಾಲುದಾರಿಯಂತೆ ಅದು. ಈಗ ಕೆಲವು ಫಲಕಗಳ ಮೇಲೆ ಅನಿಶಿನಾಬೆ ಭಾಷೆಯ ಹೆಸರೂ ಇದೆ: ಗೆಟೆ-ಒನಿಗಮಿಂಗ್. ದೋಣಿ ಹೊತ್ತು ನಡೆಯುವ ಹಳೆಯ ದಾರಿ.

ಮಗಳ ಶಾಲೆಯಲ್ಲಿ ದಿನಾ ಬೆಳಿಗ್ಗೆ, ಈ ನೆಲ ಯಾರದೆಂದು ಹೆಸರು ಹಿಡಿದು ನೆನೆಯುತ್ತಾರೆ. ಒಂದು ಸಂಜೆ ಕೇಳಿದಳು, "ಅಪ್ಪಾ, ಹಾಗಾದ್ರೆ ನಮ್ಮನೆ ಯಾರದು?"

"ಕಾಲುಭಾಗ ನಮ್ದು, ಉಳಿದದ್ದು ಬ್ಯಾಂಕಿನದು" ಅಂದೆ. ಅವಳು ನಗಲಿಲ್ಲ.

ಬೆಂಗಳೂರಿನಲ್ಲೊಂದು 30-40 ಸೈಟಿಗೆ ಮೂಲಪತ್ರ, ಇ.ಸಿ., ವಂಶವೃಕ್ಷ ಎಂದು ವಕೀಲರ ಪ್ರಾಣ ತಿಂದವನು ನಾನು. ಇಲ್ಲಿ ಕೇಳಬೇಕೆಂದೇ ತೋಚಿರಲಿಲ್ಲ. ಕೇಳಿದ್ದರೆ ಸಿಗುತ್ತಿದ್ದದ್ದು ಇದು: ಬ್ರಿಟಿಷರು 1787ರಲ್ಲಿ ಮಿಸ್ಸಿಸಾಗಾ ಜನರಿಂದ ಈ ಊರಿನ ನೆಲ ಕೊಂಡ ಪತ್ರ ಖಾಲಿ. ಮುಖಂಡರ ಗುರುತುಗಳನ್ನು ಬೇರೆ ಚೀಟಿಗಳಿಂದ ತಂದು ಅಂಟಿಸಿದ್ದರು. 1805ರಲ್ಲಿ ಹತ್ತು ಶಿಲಿಂಗ್ ಕೊಟ್ಟು, ಸುಮಾರು ಎರಡೂವರೆ ಲಕ್ಷ ಎಕರೆಯನ್ನು ಮತ್ತೆ ಬರೆಸಿಕೊಂಡರು. ನಮ್ಮೂರ ಬ್ರೋಕರುಗಳೂ ಇಂಥ ಕಾಗದ ಮುಟ್ಟಲು ಹೆದರಿಯಾರು. ಕೊನೆಗೆ 2010ರಲ್ಲಿ ಕೆನಡಾ ಸರ್ಕಾರ 14.5 ಕೋಟಿ ಡಾಲರ್ ಕೊಟ್ಟು ಆ ತಕರಾರು ಇತ್ಯರ್ಥ ಮಾಡಿಕೊಂಡಿತು. ಅಷ್ಟರಲ್ಲಿ ನಮ್ಮಂಥವರು ಅದೇ ನೆಲವನ್ನು ಎಷ್ಟು ಸಲ ಮಾರಿ, ಕೊಂಡು, ಮೇಲೆ ಬೇಲಿಯ ಜಗಳವನ್ನೂ ಆಡಿದ್ದೆವೋ!

ಮಿಸ್ಸಿಸಾಗಾ ಜನರು 1847ರಲ್ಲೇ ಕ್ರೆಡಿಟ್ ನದಿಯ ದಂಡೆ ಬಿಟ್ಟು ಹೇಗರ್ಸ್‌ವಿಲ್ ಬಳಿಗೆ ಹೋದರು. ತಮ್ಮ ಪಂಗಡದ ಹೆಸರಲ್ಲಿ ಮಾತ್ರ ನದಿಯನ್ನು ಇಟ್ಟುಕೊಂಡಿದ್ದಾರೆ. ಹಿಂದೆ ವ್ಯಾಪಾರಿಗಳು ಅವರಿಗೆ ಉದ್ರಿಯಲ್ಲಿ ಸಾಮಾನು ಕೊಡುತ್ತಿದ್ದರಿಂದ ನದಿಗೆ ಆ ಹೆಸರು. ಉದ್ರಿ ಹೊಳೆ ಅನ್ನಿ.

ಹೋದ ಆಗಸ್ಟಿನಲ್ಲಿ ಹೇಗರ್ಸ್‌ವಿಲ್ ಬಳಿಯ ಅವರ ಪವ್‌ವವ್ ಜಾತ್ರೆಗೆ ಮಗಳನ್ನು ಕರೆದುಕೊಂಡು ಹೋದೆ. ಡೋಲಿನ ಸದ್ದು ಎದೆಗೇ ಬಡಿಯುತ್ತಿತ್ತು. ಒಬ್ಬ ಅಜ್ಜಿ ಫ್ರೈ ಬ್ರೆಡ್ ಕರಿಯುತ್ತಿದ್ದರು; ಮಂಗಳೂರು ಬನ್ಸಿನ ದೊಡ್ಡಣ್ಣ ಅದು. ಎರಡು ತಿಂದ ಮೇಲೆ ಜೇಬು ಮುಟ್ಟಿ ನೋಡಿಕೊಂಡೆ, ಕಾರ್ಡ್ ಬಿಟ್ಟರೆ ನಗದಿಲ್ಲ. ಅಜ್ಜಿಯ ಹತ್ತಿರ ಕಾರ್ಡ್ ಉಜ್ಜುವ ಯಂತ್ರವಿಲ್ಲ.

"ಎಲ್ಲಿಂದ ಬಂದಿರಿ?"

"ಡೇವನ್‌ಪೋರ್ಟ್ ರಸ್ತೆ."

ಅಜ್ಜಿ ಜಾಲರಿ ಸೌಟು ಕೆಳಗಿಟ್ಟು ನಕ್ಕರು. "ಹಾಗಾದರೆ ದಾರಿ ಗೊತ್ತಿದೆಯಲ್ಲ. ಮುಂದಿನ ವರ್ಷ ಬಂದಾಗ ಕೊಡಿ."

ಕಾರು ಹತ್ತಿದ ಕೂಡಲೇ ಮಗಳು ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು.