ಖಾಲಿ ಇದ್ದಾಗ ಕಾಣದ ಗೂಡು

ಮೇಲ್ ತೆರೆದರೆ ಪರದೆಯ ಬಲಗಡೆ ಮೇಲ್ತುದಿಯಲ್ಲಿ ಹಲ್ಲುಚಕ್ರದ ಒಂದು ಪುಟ್ಟ ಚಿತ್ರವಿರುತ್ತದೆ. ದಿನಕ್ಕೆ ಹತ್ತು ಸಲ ಇನ್‌ಬಾಕ್ಸ್ ಇಣುಕುವ ನನ್ನ ಪರಿಚಯದವರಲ್ಲಿ ಅದನ್ನು ಒತ್ತಿ ನೋಡಿದವರು ಕಡಿಮೆ. ಬಾಡಿಗೆ ಮನೆಗೆ ಬಂದವರು ಹಿಂದಿನವರು ಹೊಡೆದ ಮೊಳೆಗೇ ತಮ್ಮ ಕ್ಯಾಲೆಂಡರ್ ತೂಗುಹಾಕಿ ವರ್ಷಗಟ್ಟಲೆ ಇದ್ದುಬಿಡುವುದಿಲ್ಲವೇ, ಹಾಗೆ. ಪೆಟ್ಟಿಗೆ ನಮ್ಮದು, ಅದರೊಳಗಿನ ಕಾಗದ ನಮ್ಮದು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಮಾತ್ರ ಬೇರೆ ಯಾರೋ ನಿರ್ಧರಿಸಿ ಇಟ್ಟಿರುತ್ತಾರೆ.

ಕಾಗದಗಳು ಕೈಗೆ ಬರುತ್ತಿದ್ದ ಕಾಲದಲ್ಲಿ ಒಂದೊಂದು ಮನೆಗೂ ಅದರದೇ ವ್ಯವಸ್ಥೆ ಇತ್ತು. ನಮ್ಮ ಕಡೆಯ ಮನೆಗಳ ಜಗಲಿಯಲ್ಲಿ ಬಾಗಿಸಿದ ಒಂದು ತಂತಿ ನೇತಾಡುತ್ತಿತ್ತು. ಓದಿ ಮುಗಿದ ಕಾರ್ಡು, ಇನ್‌ಲ್ಯಾಂಡ್ ಲೆಟರು, ಕಂದಾಯದ ರಸೀದಿ ಎಲ್ಲವನ್ನೂ ಅದಕ್ಕೆ ಚುಚ್ಚುತ್ತಿದ್ದರು. ಹೊಸದು ಮೇಲೆ, ಹಳೆಯದು ಕೆಳಗೆ. ಇನ್‌ಬಾಕ್ಸ್ ಎಂಬುದೂ ಮೂಲತಃ ಇದೇ ತಂತಿ. ಆದರೆ ಜಗಲಿಯ ತಂತಿಗೆ ಎಲ್ಲ ಕಾಗದವೂ ಹೋಗುತ್ತಿರಲಿಲ್ಲ. ಮೂಲೆಗಳಿಗೆ ಅರಿಶಿನ ಹಚ್ಚಿದ ಮದುವೆಯ ಕರೆಯೋಲೆ ದೇವರ ಮುಂದೆ ಹೋಗುತ್ತಿತ್ತು. ಸಾವಿನ ಸುದ್ದಿ ತಂದ ಕಾರ್ಡನ್ನು ಓದಿದ ಮೇಲೆ ಹರಿದುಹಾಕುತ್ತಿದ್ದರು, ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಕೋರ್ಟಿನ ಕಾಗದ ಟ್ರಂಕಿಗೆ. ದೂರದೂರಿನಲ್ಲಿದ್ದ ಮಗನದೋ ಮಗಳದೋ ಕಾಗದ ಅಮ್ಮನ ಸೀರೆಗಳ ಮಡಿಕೆಯ ನಡುವೆ. ಯಾವ ಕಾಗದ ಎಲ್ಲಿ ಸೇರಿದೆ ಎಂದು ನೋಡಿದರೆ ಆ ಮನೆಯ ಮನಸ್ಸು ತಿಳಿಯುತ್ತಿತ್ತು.

ಮೇಲ್ ಬಂದ ಹೊಸತರಲ್ಲಿ ಇಂಥ ಯೋಚನೆಗೆ ಅವಕಾಶವೇ ಇರಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದಾಗ, ಬ್ರೌಸರ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಕೂತು ನಮ್ಮ ಕಾಗದ ಓದಬಹುದು ಎನ್ನುವುದೇ ಬೆರಗು. ಅಲ್ಲಿ ಜಾಗ ಇದ್ದದ್ದು 2 ಎಂಬಿ. ನಾಲ್ಕು ಫೋಟೋ ಬಂದರೆ ಪೆಟ್ಟಿಗೆ ತುಂಬಿತು. ಆದ್ದರಿಂದ ವಾರಕ್ಕೊಮ್ಮೆ ಕೂತು ಅಳಿಸಲೇಬೇಕಿತ್ತು. ಅಳಿಸಬೇಕಾದರೆ ಒಂದೊಂದನ್ನೂ ನೋಡಿ, ಇದು ಇರಲಿ, ಇದು ಹೋಗಲಿ ಎನ್ನಬೇಕಿತ್ತು. 2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಜಾಗದ ಜಿಮೇಲನ್ನು ಘೋಷಿಸಿದಾಗ ಏಪ್ರಿಲ್ ಫೂಲ್ ಮಾಡುತ್ತಿದ್ದಾರೆ ಎಂದುಕೊಂಡವರಿದ್ದರು. ಅದು ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಅಳಿಸುವ ಅಗತ್ಯ ಹೋಯಿತು. ಅಳಿಸುವ ನೆಪದಲ್ಲಿ ನಡೆಯುತ್ತಿದ್ದ ವಿಂಗಡಣೆಯೂ ಅದರ ಜೊತೆಗೇ ಹೋಯಿತು.

ರಾಶಿ ಬೆಳೆದಾಗ ಅದನ್ನು ವಿಂಗಡಿಸುವ ಕೆಲಸವನ್ನು ಯಂತ್ರವೇ ವಹಿಸಿಕೊಂಡಿತು. 2010ರಲ್ಲಿ ಜಿಮೇಲಿಗೆ ‘ಪ್ರಯಾರಿಟಿ ಇನ್‌ಬಾಕ್ಸ್’ ಬಂತು. 2013ರಲ್ಲಿ ಟ್ಯಾಬುಗಳು ಬಂದವು: ಮುಖ್ಯವಾದವು, ಸಾಮಾಜಿಕ ಜಾಲದವು, ಜಾಹೀರಾತಿನವು, ಮಾಹಿತಿಯವು, ಚರ್ಚಾಕೂಟದವು. ಇವತ್ತು ಆ ಹಲ್ಲುಚಕ್ರ ಒತ್ತಿದರೆ ಇನ್‌ಬಾಕ್ಸಿನ ಹಲವು ಬಗೆಗಳು ಸಾಲಾಗಿ ಕಾಣುತ್ತವೆ. ಟ್ಯಾಬುಗಳಿರುವ ಮಾಮೂಲಿ ಬಗೆ ಒಂದು. ಮುಖ್ಯವೆಂದು ಗುರುತಾದವು ಮೊದಲು ಬರುವುದು ಇನ್ನೊಂದು. ಓದದೇ ಇರುವುವು ಮೊದಲು, ನಕ್ಷತ್ರ ಹಾಕಿದವು ಮೊದಲು, ಪ್ರಯಾರಿಟಿ ಇನ್‌ಬಾಕ್ಸ್, ಒಂದೇ ಪುಟದಲ್ಲಿ ಹಲವು ಇನ್‌ಬಾಕ್ಸ್. ಸಾಲುಗಳು ಸಡಿಲವಾಗಿರಬೇಕೋ ಒತ್ತಾಗಿರಬೇಕೋ, ಕಾಗದ ತೆರೆದಾಗ ಪಟ್ಟಿಯ ಬಲಕ್ಕೆ ಕಾಣಬೇಕೋ ಕೆಳಗೆ ಕಾಣಬೇಕೋ, ಒಂದೇ ವಿಷಯದ ಮಾತುಕತೆಯೆಲ್ಲ ಒಂದೇ ಗಂಟಾಗಿರಬೇಕೋ ಬಿಡಿಬಿಡಿಯಾಗಿರಬೇಕೋ, ಎಲ್ಲವನ್ನೂ ಆರಿಸಿಕೊಳ್ಳಬಹುದು.

ಕಾಗದ ಮುಖ್ಯವೋ ಅಲ್ಲವೋ ಎಂದು ಯಂತ್ರ ತಿಳಿಯುವುದು ನಮ್ಮ ನಡವಳಿಕೆಯಿಂದ. ಯಾರಿಗೆ ಎಷ್ಟು ಸಲ ಬರೆಯುತ್ತೇವೆ, ಯಾರ ಮೇಲ್ ತೆರೆಯುತ್ತೇವೆ, ಯಾವುದಕ್ಕೆ ಉತ್ತರಿಸುತ್ತೇವೆ, ಯಾವ ಪದಗಳಿರುವ ಕಾಗದಗಳನ್ನು ಸಾಮಾನ್ಯವಾಗಿ ಓದುತ್ತೇವೆ, ಯಾವುದನ್ನು ಅಳಿಸುತ್ತೇವೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಲೆಕ್ಕ ಜಾಣತನದ್ದೇ. ಕೆಲಸದ ಕಾಗದಗಳ ಮಟ್ಟಿಗೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಆದರೆ ಕೆಲವರಿಗೆ ನಾವು ಉತ್ತರ ಬರೆಯದೇ ಇರುವುದು ಅವರು ಮುಖ್ಯರಲ್ಲ ಎಂಬ ಕಾರಣಕ್ಕಲ್ಲ. ಆ ಉತ್ತರಕ್ಕೆ ಬೇಕಾದ ಸಮಾಧಾನ ಸಿಕ್ಕಿರುವುದಿಲ್ಲ, ಅಷ್ಟೆ. ನಮ್ಮ ಮೌನದಲ್ಲಿ ಯಾವುದು ಉದಾಸೀನ, ಯಾವುದು ಗೌರವ ಎಂದು ಎಣಿಕೆಯಿಂದ ತಿಳಿಯುವುದು ಕಷ್ಟ.

ಇದೆಲ್ಲ ನನಗೆ ಮನದಟ್ಟಾದದ್ದು ತೀರ್ಥಹಳ್ಳಿಯ ನನ್ನ ಚಿಕ್ಕಪ್ಪನ ಇನ್‌ಬಾಕ್ಸ್ ಸರಿಮಾಡಲು ಕೂತಾಗ. ಚಿಕ್ಕಪ್ಪ ನಿವೃತ್ತರು, ಚಿಕ್ಕಮ್ಮ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಒಂದಿಷ್ಟು ಶೇರು, ಒಂದಿಷ್ಟು ಮ್ಯೂಚುವಲ್ ಫಂಡು ಇಟ್ಟುಕೊಂಡಿದ್ದಾರೆ. ಹತ್ತು ಶೇರು ಇದ್ದರೂ ಕಂಪನಿಗಳು ವಾರ್ಷಿಕ ಸಭೆಯ ನೋಟಿಸು, ಡಿವಿಡೆಂಡಿನ ಮೇಲಿನ ತೆರಿಗೆಯ ವಿವರ, ಇ-ವೋಟಿಂಗಿನ ನೆನಪೋಲೆ ಎಂದು ಕಳಿಸುತ್ತಲೇ ಇರುತ್ತವೆ. ಕರೆಂಟು ಬಿಲ್ಲು, ಗ್ಯಾಸ್ ಬುಕಿಂಗು, ಯಾವುದೋ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ, ಬಸ್ ಟಿಕೇಟು. ಇವುಗಳ ನಡುವೆ ಟೊರಾಂಟೊದಲ್ಲಿರುವ ಮಗಳ ಕಾಗದ. ನನ್ನ ತಂಗಿ ಅವಳು. ಫೋನಿನಲ್ಲಿ ಹೇಳಲಾಗದ್ದನ್ನು ಕನ್ನಡದಲ್ಲಿ ಟೈಪ್ ಮಾಡಿ ಉದ್ದುದ್ದ ಬರೆಯುತ್ತಾಳೆ. ಅಲ್ಲಿ ರಾತ್ರಿಯಾದಾಗ ಇಲ್ಲಿ ಬೆಳಗು. ಚಿಕ್ಕಪ್ಪ ಏಳುವ ಹೊತ್ತಿಗೆ ಕಾಗದ ಬಂದು ಕೂತಿರುತ್ತದೆ, ಆದರೆ ಅದರ ಮೇಲೆ ಆಗಲೇ ನಾಲ್ಕು ನೋಟಿಸು ಬಿದ್ದಿರುತ್ತವೆ.

"ಹುಡುಕೋದೇ ಒಂದು ಕೆಲಸ ಆಗಿದೆ ಮಾರಾಯ, ಅವಳದ್ದು ಬೇರೆ ಇಡಕ್ಕಾಗತ್ತಾ?" ಎಂದು ಕೇಳಿದರು.

ಆಗುತ್ತದೆ ಎಂದೆ. ಮೊದಲು ಸಾಲುಗಳನ್ನು ಸಡಿಲ ಮಾಡಿ, ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿದೆ. ಆಮೇಲೆ ‘ಮಗಳು’ ಎಂಬ ಲೇಬಲ್ ಮಾಡಿ, ಅವಳ ವಿಳಾಸದಿಂದ ಬಂದದ್ದಕ್ಕೆಲ್ಲ ಅದು ಅಂಟಿಕೊಳ್ಳುವಂತೆ ಒಂದು ಫಿಲ್ಟರ್ ಹಾಕಿದೆ. ಹಿಂದೆ ಬಂದಿದ್ದ ಕಾಗದಗಳಿಗೂ ಇದನ್ನು ಅನ್ವಯಿಸಬಹುದು. ಅದಕ್ಕೂ ಗುರುತು ಹಾಕಿದೆ. ಇದು ನಮ್ಮ ಹಳೆಯ ಫೈಲಿನ ಹಾಗಲ್ಲ ಚಿಕ್ಕಪ್ಪ, ಒಂದೇ ಕಾಗದಕ್ಕೆ ಎರಡು ಮೂರು ಚೀಟಿ ಬೇಕಾದರೂ ಅಂಟಿಸಬಹುದು, ಕಾಗದ ಇದ್ದಲ್ಲೇ ಇರುತ್ತದೆ ಎಂದು ವಿವರಿಸುತ್ತಾ ಎಡಗಡೆಯ ‘ಮಗಳು’ ಎಂಬ ಹೆಸರನ್ನು ಒತ್ತಿದೆ. ನಾಲ್ಕು ವರ್ಷದ ಕಾಗದಗಳೆಲ್ಲ ಒಂದರ ಕೆಳಗೊಂದು ಬಂದು ನಿಂತವು.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರು ನೋಡುತ್ತಿದ್ದದ್ದು ಕಾಗದದ ತಲೆಬರಹವನ್ನಲ್ಲ, ಬಲತುದಿಯ ತಾರೀಕುಗಳನ್ನು. ಮೊದಲ ವರ್ಷ ಎಂಟೆಂಟು ದಿನಕ್ಕೆ ಒಂದು. ಎರಡನೆಯ ವರ್ಷ ಹದಿನೈದು ದಿನಕ್ಕೆ. ಆಮೇಲೆ ತಿಂಗಳು. ಕೊನೆಯೆರಡರ ನಡುವೆ ಏಳು ವಾರ. ರಾಶಿಯಲ್ಲಿ ಬೆರೆತಿದ್ದಾಗ ಈ ಅಂತರ ಕಾಣುತ್ತಿರಲಿಲ್ಲ. ಎರಡು ಕಾಗದಗಳ ನಡುವಿನ ಮೌನವನ್ನು ಕಂಪನಿಗಳ ನೋಟಿಸುಗಳೂ ಕರೆಂಟು ಬಿಲ್ಲೂ ತುಂಬಿಕೊಂಡಿದ್ದವು. ಅವನ್ನು ತೆಗೆದಿಟ್ಟ ಕೂಡಲೇ ಮೌನವೂ ಪಟ್ಟಿಗೆ ಬಂತು.

"ಮಗು ಆದಮೇಲೆ ಅವಳಿಗೆ ಪುರುಸೊತ್ತೆಲ್ಲಿ," ಎಂದರು ಚಿಕ್ಕಪ್ಪ. ನಾನು ಏನೂ ಕೇಳಿರಲಿಲ್ಲ.

ಮಾತು ಬದಲಿಸಲೆಂದೇ ಮುಂದಿನ ಕೆಲಸಕ್ಕೆ ಹೋದೆ. ಅವಳ ಕಾಗದ ಬಂದ ಕೂಡಲೇ ಅದಕ್ಕೆ ನಕ್ಷತ್ರ ಬೀಳುವಂತೆ ಫಿಲ್ಟರಿಗೆ ಹೇಳಿದೆ. ಪ್ರಯಾರಿಟಿ ಇನ್‌ಬಾಕ್ಸ್ ಆರಿಸಿ, ನಕ್ಷತ್ರ ಇರುವವು ಎಲ್ಲಕ್ಕಿಂತ ಮೇಲೆ, ಉಳಿದದ್ದೆಲ್ಲ ಕೆಳಗೆ ಎಂದು ಎರಡು ವಿಭಾಗ ಮಾಡಿದೆ. ಓದಿ, ಅವಳ ಜೊತೆ ಮಾತಾಡಿ ಆದಮೇಲೆ ನಕ್ಷತ್ರವನ್ನು ಒಮ್ಮೆ ಒತ್ತಿದರೆ ಅದು ಆರುತ್ತದೆ, ಕಾಗದ ‘ಮಗಳು’ ಎಂಬಲ್ಲಿ ಭದ್ರವಾಗಿ ಇದ್ದೇ ಇರುತ್ತದೆ ಎಂದೆ. ನನ್ನ ಪ್ರಕಾರ ಅಚ್ಚುಕಟ್ಟಾದ ವ್ಯವಸ್ಥೆ. ಇನ್‌ಬಾಕ್ಸಿಗೆ ಮರಳಿದೆವು. ಆ ದಿನ ಹೊಸ ಕಾಗದ ಬಂದಿರಲಿಲ್ಲ. ಎಲ್ಲಕ್ಕಿಂತ ಮೇಲೆ ನಕ್ಷತ್ರದ ವಿಭಾಗದ ತಲೆಬರಹ ಮಾತ್ರ ಇತ್ತು, ಅದರ ಕೆಳಗೆ ಏನೂ ಇಲ್ಲ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಬೇಡ ಕಣೋ. ಮೊದಲಿದ್ದ ಹಾಗೇ ಮಾಡಿಬಿಡು."

"ಯಾಕೆ ಚಿಕ್ಕಪ್ಪ? ಹುಡುಕೋ ಕೆಲಸ ತಪ್ಪುತ್ತಲ್ಲ?"

"ಹುಡುಕೋವಾಗ ಇರಬಹುದು ಅಂತ ಹುಡುಕ್ತೀನಿ. ಇದು ನೋಡು, ತೆಗೆದ ಕೂಡಲೇ ಇಲ್ಲ ಅಂತ ಹೇಳತ್ತೆ. ದಿನಾ ಬೆಳಿಗ್ಗೆ ಎದ್ದು ಇದನ್ನ ಯಾರು ನೋಡ್ತಾರೆ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಯಲ್ಲಿ ಒಬ್ಬರಿಗೆಂದು ಒಂದು ಕುರ್ಚಿ ಇಟ್ಟರೆ ಅವರು ಇಲ್ಲದ ದಿನ ಕಣ್ಣಿಗೆ ಬೀಳುವುದು ಆ ಕುರ್ಚಿಯೇ. ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕೂರುವ ಮನೆಯಲ್ಲಿ ಒಬ್ಬರು ಕಡಿಮೆಯಾದದ್ದು ಹಾಗೆ ಎದ್ದು ಕಾಣುವುದಿಲ್ಲ. ಬೇಕಾದವರಿಗೆ ಬೇರೆ ಗೂಡು ಕೊಡುವುದು ಪ್ರೀತಿ ಎಂದೇ ನಾವು ತಿಳಿದಿರುತ್ತೇವೆ. ಆ ಗೂಡು ತುಂಬಿದಾಗ ಹೇಗಿರುತ್ತದೆ ಎಂದಷ್ಟೇ ಯೋಚಿಸಿ ಕೊಡುತ್ತೇವೆ. ಅದು ಖಾಲಿಯಾಗಿರುವ ದಿನಗಳೇ ಹೆಚ್ಚು, ಆ ದಿನಗಳಲ್ಲಿ ಅದನ್ನು ನೋಡುವವರು ಒಬ್ಬರಿರುತ್ತಾರೆ ಎಂಬುದು ಯೋಚನೆಗೆ ಬಂದಿರುವುದಿಲ್ಲ.

ಮೊದಲಿದ್ದ ಹಾಗೆ ಮಾಡಲೆಂದೇ ಸೆಟ್ಟಿಂಗ್ಸ್ ತೆರೆದೆ. ಆ ವಿಭಾಗದ ಆಯ್ಕೆಗಳಲ್ಲಿ ಎಷ್ಟು ಕಾಗದ ತೋರಿಸಬೇಕು ಎಂಬ ಪ್ರಶ್ನೆ ಇತ್ತು: 5, 10, 25, 50. ಅದರ ಜೊತೆಗೇ ಇನ್ನೊಂದು ಆಯ್ಕೆ. ವಿಭಾಗ ಖಾಲಿ ಇದ್ದಾಗ ಅದನ್ನು ಮರೆಮಾಡು. ಮುಂಚೆ ಎಷ್ಟೋ ಸಲ ಕಣ್ಣಿಗೆ ಬಿದ್ದಿದ್ದ ಸಾಲು ಅದು. ಪರದೆಯ ಜಾಗ ಉಳಿಸಲು ಯಾರೋ ಎಂಜಿನಿಯರ್ ಮಾಡಿದ ಅನುಕೂಲ ಎಂದುಕೊಂಡಿದ್ದೆ. ಇರಬಹುದು, ಅಷ್ಟೇ ಇರಬಹುದು. ಆದರೆ ಅದನ್ನು ಒತ್ತಿ, ಮತ್ತೆ ಇನ್‌ಬಾಕ್ಸಿಗೆ ಬಂದಾಗ ಆ ಖಾಲಿ ತಲೆಬರಹ ಇರಲಿಲ್ಲ. ನೋಟಿಸುಗಳು, ಬಿಲ್ಲುಗಳು, ಬ್ರಹ್ಮಕಲಶೋತ್ಸವ, ಎಲ್ಲ ತಮ್ಮ ಪಾಡಿಗೆ ಇದ್ದವು. ಕಾಗದ ಬಂದರೆ ಮಾತ್ರ ನಕ್ಷತ್ರ ಮೇಲೆ ಮೂಡುತ್ತದೆ, ಇಲ್ಲದಿದ್ದರೆ ಅಂಥದ್ದೊಂದು ಜಾಗ ಇದೆ ಎಂದೇ ಗೊತ್ತಾಗುವುದಿಲ್ಲ ಎಂದು ಚಿಕ್ಕಪ್ಪನಿಗೆ ಹೇಳಿದೆ.

"ಹಾಂ, ಇದು ಆಗತ್ತೆ," ಎಂದರು. ಸ್ವಲ್ಪ ತಡೆದು, ಐದು ಸಾಕು, ಐವತ್ತು ಬೇಡ ಎಂದೂ ಸೇರಿಸಿದರು.

ತಂಗಿಗೆ ಫೋನ್ ಮಾಡಿ ಆಗಾಗ ಬರೆಯುತ್ತಿರು ಎಂದು ಹೇಳೋಣವೇ ಎಂಬ ಯೋಚನೆ ಬಸ್ಸಿನಲ್ಲಿ ಬಂತು. ಹೇಳಲಿಲ್ಲ. ಹೇಳಿಸಿಕೊಂಡು ಬಂದ ಕಾಗದಕ್ಕೂ ನಕ್ಷತ್ರ ಬೀಳುತ್ತದೆ, ಫಿಲ್ಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಚಿಕ್ಕಪ್ಪನಿಗೆ ತಿಳಿಯುತ್ತದೆ. ಅಲ್ಲದೆ ಮಗುವನ್ನು ಮಲಗಿಸಿ, ಪಾತ್ರೆ ತೊಳೆದು, ರಾತ್ರಿ ಹನ್ನೊಂದಕ್ಕೆ ಕನ್ನಡದ ಕೀಲಿಮಣೆ ತೆರೆದು ಕೂರುವವಳ ಏಳು ವಾರ ಹೇಗಿದ್ದವು ಎಂಬುದು ನಾವಿಬ್ಬರೂ ನೋಡಿದ ತಾರೀಕುಗಳಲ್ಲಿ ಇರಲಿಲ್ಲ. ತಾರೀಕು ಹೇಳುವುದು ಕಾಗದ ಯಾವಾಗ ಹೊರಟಿತು ಎಂಬುದನ್ನು. ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಳು ಎಂಬುದನ್ನಲ್ಲ.

ಇನ್‌ಬಾಕ್ಸನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಿ, ಸಮಯ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸಮಯವೇನೋ ಉಳಿಯುತ್ತದೆ. ಆದರೆ ಅಲ್ಲಿ ನಾವು ಮಾಡುವ ಒಂದೊಂದು ಗೆರೆಯೂ ಯಾರನ್ನು ದಿನಾ ನೋಡುತ್ತೇವೆ, ಯಾರನ್ನು ಹುಡುಕಿದಾಗ ಮಾತ್ರ ನೋಡುತ್ತೇವೆ, ಯಾರು ಇಲ್ಲದಿರುವುದನ್ನು ಒಪ್ಪಿಕೊಳ್ಳಲು ಸಿದ್ಧರಿದ್ದೇವೆ ಎಂಬ ತೀರ್ಮಾನ. ಈ ತೀರ್ಮಾನವನ್ನು ನಮ್ಮ ಒತ್ತುವಿಕೆಗಳ ಲೆಕ್ಕಕ್ಕೆ ಬಿಟ್ಟರೆ ಅದು ನಾವು ಹೆಚ್ಚು ಸಲ ಮುಟ್ಟಿದ್ದನ್ನು ಮೇಲಕ್ಕೆ ತರುತ್ತದೆ. ನಮ್ಮನ್ನು ಮುಟ್ಟಿದ್ದು ಯಾವುದು ಎಂಬುದನ್ನು ನಾವೇ ಹೇಳಬೇಕು.

ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ವಿದ್ಯಾರ್ಥಿಗಳ ಮೇಲುಗಳು ವಿಷಯದ ಸಾಲು ಖಾಲಿ ಬಿಟ್ಟು ಬರುತ್ತವೆ. ಕೆಲವದರಲ್ಲಿ ಅಸೈನ್‌ಮೆಂಟು ಬಿಟ್ಟರೆ ಒಂದಕ್ಷರವೂ ಇರುವುದಿಲ್ಲ. ಕೆಲವದರಲ್ಲಿ ಅಸೈನ್‌ಮೆಂಟಿನ ಕೊನೆಗೆ, ಸರ್, ನಾನು ಬರೆದ ಎರಡು ಕವಿತೆ ಕಳಿಸಿದ್ದೇನೆ, ಪುರುಸೊತ್ತಾದಾಗ ನೋಡಿ ಎಂದಿರುತ್ತದೆ. ತೀರ್ಥಹಳ್ಳಿಯಿಂದ ಬಂದ ಮೇಲೆ ಇವಕ್ಕೆಂದು ನನ್ನಲ್ಲೂ ಒಂದು ವಿಭಾಗ ಮಾಡಿಕೊಂಡೆ. ಇದಕ್ಕೆ ಯಾವ ಫಿಲ್ಟರೂ ಇಲ್ಲ. ಒಂದೊಂದನ್ನೂ ಓದಿ, ಉತ್ತರ ಬರೆಯಬೇಕಾದ್ದಕ್ಕೆ ನಾನೇ ಕೈಯಾರೆ ನಕ್ಷತ್ರ ಹಾಕುತ್ತೇನೆ, ಬರೆದ ಮೇಲೆ ತೆಗೆಯುತ್ತೇನೆ. ಖಾಲಿ ಇದ್ದಾಗ ಮರೆಮಾಡು ಎಂಬುದನ್ನು ಇಲ್ಲಿ ಒತ್ತಿಲ್ಲ. ಇಲ್ಲಿ ಖಾಲಿ ಎಂದರೆ ಯಾರೂ ಬರೆದಿಲ್ಲ ಎಂದಲ್ಲ, ಬರೆದವರಿಗೆಲ್ಲ ಉತ್ತರ ಹೋಗಿದೆ ಎಂದು. ಅದನ್ನು ಕಣ್ಣಾರೆ ನೋಡುವ ಆಸೆ ನನಗೆ. ಇವತ್ತಿಗೆ ಅದರಲ್ಲಿ ಮೂರು ಉಳಿದಿವೆ, ಅವುಗಳಲ್ಲಿ ಒಂದರಲ್ಲಿ ಎರಡು ಕವಿತೆಗಳಿವೆ.