ಎಲ್ಲರೆದುರು ನಿಂತ ಬೆಲೆ

ರಾವಂದೂರಿನಿಂದ ಸೊಪ್ಪಿನ ಬೇಲು ಹೇರಿಕೊಂಡು ಬಂದ ಗೂಡ್ಸ್ ಗಾಡಿ ಕಂಪಲಾಪುರದ ತಂಬಾಕು ಹರಾಜು ಮಾರುಕಟ್ಟೆಯ ಗೇಟು ದಾಟುತ್ತದೆ. ಇಳಿಯುವಷ್ಟರಲ್ಲಿ ನಿಮ್ಮ ಅಂಗಿಗೆಲ್ಲ ಹೊಗೆಸೊಪ್ಪಿನ ಘಾಟು ಹತ್ತಿರುತ್ತದೆ. ಒಳಗೆ ಉದ್ದನೆಯ ಗೋದಾಮು. ನೆಲದ ತುಂಬ ಸಾಲು ಸಾಲಾಗಿ ಬೇಲು, ಒಂದೊಂದರ ಮೇಲೂ ಒಂದು ಚೀಟಿ.

ನಿಮ್ಮ ಜೊತೆ ಬಂದ ರೈತ ತಮ್ಮ ಬೇಲುಗಳ ಪಕ್ಕ ನಿಂತವರು ತುಟಿ ಬಿಚ್ಚುವುದಿಲ್ಲ. ಮುಂಗಾರಿಗೆ ಸಸಿ ನೆಟ್ಟು, ಎಲೆ ಮುರಿದು, ಕೋಲಿಗೆ ಕಟ್ಟಿ, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಏರಿಸಿ, ರಾತ್ರಿಯೆಲ್ಲ ಸೌದೆ ಉರಿ ಕಾಯ್ದು ಹದ ಮಾಡಿದ ಸೊಪ್ಪು ಇದು. ಖರೀದಿದಾರರ ಗುಂಪು ಹತ್ತಿರ ಬರುತ್ತದೆ. ಒಬ್ಬಾತ ಕುಕ್ಕರುಗಾಲಲ್ಲಿ ಕೂತು ಬೇಲಿನ ನಡುವಿಗೆ ಕೈ ತೂರಿಸಿ ಒಂದು ಹಿಡಿ ಎಳೆಯುತ್ತಾನೆ. ಎಲೆಯನ್ನು ಬೆಳಕಿಗೆ ಹರಡಿ ಬಣ್ಣ ನೋಡುತ್ತಾನೆ, ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿಯುತ್ತಾನೆ. ಎಲ್ಲರೂ ಕೈಯಲ್ಲಿರುವ ಯಂತ್ರಗಳ ಗುಂಡಿ ಅದುಮುತ್ತಾರೆ, ಬೆಲೆ ಏರಿ ನಿಲ್ಲುತ್ತದೆ.

‘ಎಷ್ಟಕ್ಕೆ ಹೋಯ್ತಣ್ಣ?’ ಪಕ್ಕದ ಸಾಲಿನ ಹುಡುಗ ಕೇಳುತ್ತಾನೆ.

‘ಕೆ.ಜಿ.ಗೆ ಇನ್ನೂರೆಂಬತ್ತು ಕಣಪ್ಪ.’

ಕರ್ನಾಟಕದಲ್ಲಿ ತಂಬಾಕು ಮಂಡಳಿ ಈ ಹರಾಜು ಶುರು ಮಾಡಿದ್ದು 1984ರಲ್ಲಿ. ರೈತನಿಗೆ ಎಲ್ಲ ವರ್ಷವೂ ನ್ಯಾಯದ ಬೆಲೆ ಸಿಕ್ಕಿದೆ ಎನ್ನಲಾರೆ. ಎಷ್ಟೋ ಬೇಲು ಕೇಳುವವರಿಲ್ಲದೆ ವಾಪಸು ಹೋಗಿವೆ. ಆದರೂ ಇಲ್ಲಿ ಬೆಲೆ ನಿಲ್ಲುವುದು ನಾಲ್ಕು ಜನರ ಕಣ್ಣೆದುರು. ಮಾರುವವನು ಬೇರೆ, ಕೊಳ್ಳುವವನು ಬೇರೆ. ಹೀಗೆ ಪರಸ್ಪರ ಸಂಬಂಧವಿಲ್ಲದವರ ನಡುವೆ ನಿಲ್ಲುವ ಬೆಲೆಯನ್ನೇ ಬಹುರಾಷ್ಟ್ರೀಯ ಕಂಪನಿಗಳ ಒಳವ್ಯವಹಾರಕ್ಕೂ ಅಳತೆಗೋಲಾಗಿ ಇಡಬೇಕು ಎಂಬ ನಿಯಮ ನಮ್ಮ ಆದಾಯ ತೆರಿಗೆ ಕಾಯ್ದೆಗೆ ಸೇರಿದ್ದು 2001ರಲ್ಲಿ.

ಅದು ಯಾಕೆ ಬೇಕಾಯಿತು ಎಂಬುದು ತಿಳಿಯಲು ಇಂಥ ಒಂದು ಬೇಲಿನ ಹಿಂದೆ, ಊಹೆಯಲ್ಲೇ, ಹಡಗಿನ ತನಕ ಹೋಗಿ. ರಫ್ತು ಮಾಡುವ ಕಂಪನಿ ತನ್ನದೇ ಬಳಗದ, ತೆರಿಗೆ ನಾಮಕಾವಸ್ತೆ ಇರುವ ದೇಶದ ಇನ್ನೊಂದು ಕಂಪನಿಗೆ ಅದನ್ನು ಕೆ.ಜಿ.ಗೆ 300 ರೂಪಾಯಿಯಂತೆ ಮಾರಿತು ಅನ್ನಿ. ಆ ಕಂಪನಿ ಅದೇ ಸರಕನ್ನು 400ಕ್ಕೆ ಮಾರಿತು. ಸರಕು ಆ ದೇಶದ ನೆಲ ಮುಟ್ಟಿರಬೇಕೆಂದೇನೂ ಇಲ್ಲ, ನಡುವಿನ 100 ರೂಪಾಯಿ ಲಾಭ ಮಾತ್ರ ಅಲ್ಲೇ ಉಳಿಯಿತು. ಕಂಪಲಾಪುರದಲ್ಲಿ ಕೊಳ್ಳುವವರು ಹೀಗೆ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ದಾರಿ ಇರುವುದು ಹೀಗೆ. ಧಾನ್ಯ ರಫ್ತಿನಲ್ಲಿ ಈ ದಾರಿಗೆ ಅಡ್ಡ ನಿಂತದ್ದು ಅರ್ಜೆಂಟೀನಾ. 2003ರಲ್ಲಿ ಅದು ಮಾಡಿದ ಕಾನೂನಿನ ಪ್ರಕಾರ, ನಡುವೆ ಇಂಥ ಹೆಸರಿಗಷ್ಟೇ ಇರುವ ಕಂಪನಿ ಬಂದರೆ ತೆರಿಗೆಯ ಲೆಕ್ಕಕ್ಕೆ ಹಿಡಿಯುವುದು ಸರಕು ಹಡಗೇರಿದ ದಿನದ ಬಹಿರಂಗ ಮಾರುಕಟ್ಟೆಯ ಬೆಲೆಯನ್ನು. ಬಡ ದೇಶದ ಅಧಿಕಾರಿಗೂ ಕೈಗೆಟಕುವ ಉಪಾಯ ಅದು.

ಸೊಪ್ಪಿಗಾದರೆ ಹರಾಜು ಉಂಟು. ಸಿಗರೇಟು ಪ್ಯಾಕಿನ ಮೇಲಿನ ಹೆಸರಿಗೆ? ಆ ಹೆಸರು ಬಳಸಿದ್ದಕ್ಕೆ ರಾಯಧನ, ತಾಂತ್ರಿಕ ಸಲಹೆಗೆ ಶುಲ್ಕ, ಒಡತಿ ಕಂಪನಿ ಕೊಟ್ಟ ಸಾಲಕ್ಕೆ ಬಡ್ಡಿ: ಇವನ್ನು ಯಾವ ಗೋದಾಮಿನಲ್ಲೂ ಸಾಲಾಗಿ ಇಡಲು ಬರುವುದಿಲ್ಲ, ಮೂಸಿ ನೋಡಲು ಬರುವುದಿಲ್ಲ. ಬಾಂಗ್ಲಾದೇಶ, ಇಂಡೊನೇಷ್ಯಾ, ಕೆನ್ಯಾ ಮುಂತಾದ ದೇಶಗಳಿಂದ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಬಳಗದ ಲಾಭ ಇಂಥ ಬಾಬತ್ತುಗಳಲ್ಲೇ ಹೊರಹೋಗುತ್ತಿದೆ ಎಂದು ತೆರಿಗೆ ನ್ಯಾಯಕ್ಕಾಗಿ ಕೆಲಸ ಮಾಡುವ ಟ್ಯಾಕ್ಸ್ ಜಸ್ಟಿಸ್ ನೆಟ್‌ವರ್ಕ್ ಸಂಸ್ಥೆ 2019ರ ವರದಿಯಲ್ಲಿ ಬರೆಯಿತು. ಕಾನೂನು ಮುರಿಯದೆಯೂ ಇದನ್ನು ಮಾಡಬಹುದು ಎಂಬುದೇ ನನ್ನ ಸಂಕಟ. ನಮ್ಮ ಸರ್ಕಾರ ಸುಮ್ಮನೆ ಕೂತಿಲ್ಲ: 2017ರ ಬಜೆಟ್ಟು ಬಳಗದೊಳಗಿನ ಸಾಲದ ಬಡ್ಡಿಯನ್ನು ಖರ್ಚೆಂದು ತೋರಿಸುವುದಕ್ಕೆ ಮಿತಿ ಹಾಕಿತು, 2023ರಲ್ಲಿ ವಿದೇಶಕ್ಕೆ ಹೋಗುವ ರಾಯಧನದ ಮೇಲಿನ ತೆರಿಗೆ ಶೇ 10ರಿಂದ 20ಕ್ಕೆ ಏರಿತು. ಆದರೆ ಕೆಲವು ದೇಶಗಳ ಜೊತೆಗಿನ ಒಪ್ಪಂದಗಳಲ್ಲಿ ಕಡಿಮೆ ದರ ಇದೆ, ಅಲ್ಲಿ ನಡೆಯುವುದು ಒಪ್ಪಂದದ ದರವೇ.

ಅಷ್ಟರಲ್ಲಿ ನಿಮ್ಮ ರೈತ ಕೌಂಟರಿನ ಮುಂದೆ ನಿಂತಿದ್ದಾರೆ. ಮಂಡಳಿ ಸೇವಾಶುಲ್ಕ ಮುರಿದುಕೊಂಡು ಉಳಿದದ್ದು ಖಾತೆಗೆ. ಗೊಬ್ಬರ ತಂದ ದಿನವೇ ಶೇ 5ರ ಜಿಎಸ್‌ಟಿ ಕಟ್ಟಿ ಆಗಿದೆ. ಮಂಜೂರಾದದ್ದಕ್ಕಿಂತ ಹೆಚ್ಚು ಬೆಳೆದರೆ ದಂಡ ಬೇರೆ. ಅದನ್ನು ಮನ್ನಾ ಮಾಡಿ ಎಂದು ಬೆಳೆಗಾರರು ಮತ್ತೆ ಮತ್ತೆ ಕೇಳಬೇಕು. ಅವರ ಬ್ಯಾರನ್ನು ಯಾವುದು, ಎಷ್ಟು ಕೆ.ಜಿ. ಬೆಳೆದರು, ಎಷ್ಟಕ್ಕೆ ಮಾರಿದರು, ಎಲ್ಲವೂ ಸರ್ಕಾರದ ಕಂಪ್ಯೂಟರಿನಲ್ಲಿದೆ.

ದೊಡ್ಡ ಬಹುರಾಷ್ಟ್ರೀಯ ಬಳಗಗಳೂ ಯಾವ ದೇಶದಲ್ಲಿ ಎಷ್ಟು ವಹಿವಾಟು, ಎಷ್ಟು ಲಾಭ, ಎಷ್ಟು ನೌಕರರು, ಎಷ್ಟು ತೆರಿಗೆ ಎಂಬ ಲೆಕ್ಕ ಕೊಡಬೇಕೆಂದು ಭಾರತ 2016ರಲ್ಲೇ ಕಾನೂನು ಮಾಡಿದೆ. ಆ ಲೆಕ್ಕ ತೆರಿಗೆ ಇಲಾಖೆಗಳ ಬೀರು ಬಿಟ್ಟು ಆಚೆ ಬರುವುದಿಲ್ಲ. ಪತ್ರಕರ್ತರು ನೋಡುವಂತಿಲ್ಲ, ಶಾಸಕರು ನೋಡುವಂತಿಲ್ಲ, ಈ ರೈತರಂತೂ ದೂರ. ಆಸ್ಟ್ರೇಲಿಯಾ 2024ರಲ್ಲಿ ಇಂಥ ಲೆಕ್ಕದ ಬಹುಭಾಗವನ್ನು ಜನರ ಮುಂದಿಡುವ ಕಾನೂನು ತಂದಿತು. ತೆರಿಗೆಯ ಜಾಗತಿಕ ನಿಯಮಗಳನ್ನು ಶ್ರೀಮಂತ ದೇಶಗಳ ಕೂಟದಲ್ಲಿ ಅಲ್ಲ, ವಿಶ್ವಸಂಸ್ಥೆಯಲ್ಲಿ ಬರೆಯೋಣ ಎಂದು ಆಫ್ರಿಕಾದ ದೇಶಗಳು ಮಂಡಿಸಿದ ನಿರ್ಣಯಕ್ಕೆ 2023ರ ನವೆಂಬರಿನಲ್ಲಿ 125 ದೇಶಗಳು ಮತ ಹಾಕಿದವು, ಭಾರತವೂ ಹಾಕಿತು. ಅಲ್ಲಿ ಕೈ ಎತ್ತಿದ ದೇಶ ಇಲ್ಲಿ ಆ ಬೀರುವಿನ ಬೀಗ ತೆಗೆಯಬೇಕು, ಅದಕ್ಕೆ ಸಂಸತ್ತಿನಲ್ಲಿ ಒಂದು ತಿದ್ದುಪಡಿ ಸಾಕು.