ಕ್ಯಾಮೆರಾದ ಹಿಂದೆ ನಿಂತವರು

ಪ್ರಿಯ ಕ್ಲೋದ್ ಕಾಹೂನ್ ಅವರೇ,

1954ರಲ್ಲಿ ಜರ್ಸಿ ದ್ವೀಪದಲ್ಲಿ ನೀವು ತೀರಿಕೊಳ್ಳುವ ಹೊತ್ತಿಗೆ ಪ್ಯಾರಿಸ್ ನಿಮ್ಮನ್ನು ಮರೆತಾಗಿತ್ತು. ನಿಮ್ಮದೂ ಆಗಿದ್ದ ಕಲಾಚಳವಳಿ ಸರ್ರಿಯಲಿಸಂ ಎಂದರೆ ಬ್ರೆತೋನ್, ಡಾಲಿ, ಮ್ಯಾನ್ ರೇ ಎಂಬ ಗಂಡಸರು. ಹೆಂಗಸರೇನಿದ್ದರೂ ಅವರ ಚಿತ್ರಗಳಿಗೆ ರೂಪದರ್ಶಿಯರು. 1992ರಲ್ಲಿ ಫ್ರಾನ್ಸ್ವಾ ಲೆಪೆರ್ಲಿಯೆ ನಿಮ್ಮ ಮೇಲೆ ಪುಸ್ತಕ ಬರೆದರು. ಅಲ್ಲಿಂದೀಚೆಗೆ ನಿಮ್ಮ ಬೋಳುತಲೆಯ ಭಾವಚಿತ್ರ, ಕೆನ್ನೆಗೆ ಬಣ್ಣ ಬಳಿದುಕೊಂಡ ಪೈಲ್ವಾನನ ವೇಷ ಎಲ್ಲರಿಗೂ ಪರಿಚಿತ. ಗಂಡು ಹೆಣ್ಣಿನ ಗೆರೆಯನ್ನೇ ಅಳಿಸಿ ನಿಂತ ನಿಮ್ಮನ್ನು ಇಂದಿನ ಎಳೆಯರು ತಮ್ಮವರೆನ್ನುತ್ತಾರೆ. ಸಂತೋಷವೇ. ಆದರೆ ಆ ಚಿತ್ರಗಳನ್ನು ಸೆಲ್ಫಿಯ ಪೂರ್ವಜ ಎಂದು ಹೊಗಳುವವರ ಬಗ್ಗೆ ನನಗೆ ತಕರಾರಿದೆ.

ಸೆಲ್ಫಿಗೆ ಒಬ್ಬರು ಸಾಕು. ನಿಮ್ಮ ಚಿತ್ರಗಳ ಹಿಂದೆ ಇಬ್ಬರಿದ್ದಿರಿ. ಇನ್ನೊಬ್ಬರು ನಾಂತ್ ಊರಿನ ಬಾಲ್ಯದ ಗೆಳತಿ ಸೂಜಾನ್ ಮಾಲೆರ್ಬ್, ಕಲೆಯಲ್ಲಿ ಮಾರ್ಸೆಲ್ ಮೂರ್. 1917ರಲ್ಲಿ ನಿಮ್ಮ ತಂದೆ ಅವರ ತಾಯಿಯನ್ನು ಮದುವೆಯಾದ ಮೇಲೆ ಲೋಕದ ಲೆಕ್ಕಕ್ಕೆ ನೀವು ಅಕ್ಕತಂಗಿಯರು, ಬದುಕಿನಲ್ಲಿ ಸಂಗಾತಿಗಳು. ಎಷ್ಟೋ ಚಿತ್ರಗಳಲ್ಲಿ ಕ್ಯಾಮೆರಾ ಹಿಡಿದದ್ದು ಅವರೇ ಎನ್ನುತ್ತಾರೆ ಬಲ್ಲವರು. ನೀವೇನೂ ಅದನ್ನು ಮುಚ್ಚಿಡಲಿಲ್ಲ: 1930ರ ನಿಮ್ಮ ಪುಸ್ತಕದಲ್ಲಿ ಚಿತ್ರಗಳನ್ನು ಜೋಡಿಸಿದವರು ಮೂರ್ ಎಂದೇ ಅಚ್ಚು ಹಾಕಿಸಿದ್ದೀರಿ.

1940ರಲ್ಲಿ ಜರ್ಮನ್ ಸೇನೆ ನೀವಿಬ್ಬರೂ ನೆಲೆಸಿದ್ದ ಜರ್ಸಿಗೆ ಕಾಲಿಟ್ಟಾಗಲೂ ಇದೇ ಜೋಡಿ ಕೆಲಸಕ್ಕಿಳಿಯಿತು. ಕದ್ದು ಕೇಳಿದ ಬಿಬಿಸಿ ಸುದ್ದಿ, ಅದನ್ನು ಜರ್ಮನ್‌ಗೆ ತಿರುಗಿಸಲು ಮೂರ್, ತೆಳುಕಾಗದದ ಮೇಲೆ ಟೈಪು ಮಾಡಿದ ಚೀಟಿಗಳು. ಕೆಳಗೆ 'ಹೆಸರಿಲ್ಲದ ಸೈನಿಕ' ಎಂಬ ಸಹಿ. ಸೇನೆಯೊಳಗೇ ಯಾರೋ ದಂಗೆಯೆದ್ದಿದ್ದಾನೆ ಎಂದು ಸೈನಿಕರು ನಂಬಬೇಕು, ಅದೇ ಹೂಟ. ಅವರ ಜೇಬುಗಳಿಗೆ, ಸಿಗರೇಟು ಪೊಟ್ಟಣಗಳಿಗೆ ಅವನ್ನು ಸೇರಿಸಿದಿರಿ. 1944ರ ಜುಲೈನಲ್ಲಿ ಸಿಕ್ಕಿಬಿದ್ದಾಗ, ಇಷ್ಟೆಲ್ಲ ಮಾಡಿದ್ದು ಇಬ್ಬರು ನಡುವಯಸ್ಸಿನ ಹೆಂಗಸರು ಎಂಬುದನ್ನು ತನಿಖೆಯವರಿಗೇ ನಂಬಲಾಗಲಿಲ್ಲ. ಮರಣದಂಡನೆಯಾಯಿತು, ಆಮೇಲೆ ರದ್ದಾಯಿತು. 1945ರ ಮೇ ತಿಂಗಳಲ್ಲಿ ಬಿಡುಗಡೆ. ಹಲ್ಲಿನ ನಡುವೆ ನಾಜಿ ಹದ್ದಿನ ಬಿಲ್ಲೆ ಕಚ್ಚಿಕೊಂಡು ನಿಂತ ನಿಮ್ಮ ಫೋಟೊ ಆ ತಿಂಗಳಿನದು.

ಈ ಪ್ರತಿರೋಧವನ್ನು ಕಲಾವಿದೆಯ ಜೀವನದ ಸಾಹಸ ಪ್ರಸಂಗವೆಂದು ಬೇರೆ ಇಡುವುದು ತಪ್ಪು. ಇಲ್ಲದ ಒಬ್ಬನ ವೇಷ ತೊಟ್ಟು ಮಾತಾಡುವ ವಿದ್ಯೆಯನ್ನು ಇಪ್ಪತ್ತು ವರ್ಷ ಕೋಣೆಯೊಳಗೆ ಪಳಗಿಸಿಕೊಂಡವರು ಅದನ್ನು ಬೀದಿಗೆ ತಂದಿರಿ. ಕನಸಿನಿಂದ ಲೋಕವನ್ನು ಬದಲಿಸುತ್ತೇವೆಂದು ಸರ್ರಿಯಲಿಸ್ಟರು ಪ್ಯಾರಿಸ್ಸಿನಲ್ಲಿ ಘೋಷಿಸಿದ್ದನ್ನು ನೀವು ಪ್ರಾಣ ಪಣಕ್ಕಿಟ್ಟು ಆಚರಿಸಿದಿರಿ, ಅದೂ ಜೊತೆಯಾಗಿ.

ಹಾಗಾಗಿ ನಿಮ್ಮೊಬ್ಬರನ್ನೇ ಪೀಠಕ್ಕೇರಿಸಿದರೆ ಮರುಮೌಲ್ಯಮಾಪನ ಅರ್ಧಕ್ಕೇ ನಿಂತಂತೆ. ಚರಿತ್ರೆ ನಿಮಗೆ ಮಾಡಿದ್ದನ್ನೇ ನಾವು ಮೂರ್ ಅವರಿಗೆ ಮಾಡುತ್ತಿದ್ದೇವೆ. ಗ್ಯಾಲರಿ ಗೋಡೆಯ ಫಲಕಗಳಲ್ಲಿ ಎರಡೂ ಹೆಸರು ಬರಲಿ.

ಇಂತಿ,
ನಿಮ್ಮಿಬ್ಬರ ಅಭಿಮಾನಿ